ಬಚ್ಚಲಿಗೊಂದು ದೋಣಿಯ ಬಾಗಿಲು

ನಿಮ್ಮ ಊರಿನ ಮನೆಯ ಬಚ್ಚಲಿನ ಬಾಗಿಲು ಜುಲೈ ತಿಂಗಳಲ್ಲಿ ಸರಿಯಾಗಿ ಹಾಕ್ಲಿಕ್ಕೆ ಬರ್ತದಾ? ನಮ್ಮದು ಬರುತ್ತಿರಲಿಲ್ಲ. ಕಷ್ಟಪಟ್ಟು ಹಾಕಿದರೆ ತೆಗೆಯಲು ಬರುತ್ತಿರಲಿಲ್ಲ. ಬೆಳ್ಳಾರೆಯಲ್ಲಿ ಬೆಳೆದವರಿಗೆ ಇದೊಂದು ಸಮಸ್ಯೆ ಅಂತ ಅನ್ನಿಸುವುದೂ ಇಲ್ಲ. ಮಳೆಗಾಲ ಅಂದರೆ ಉಪ್ಪು ನೀರಾಗುತ್ತದೆ, ಬಟ್ಟೆ ಒಣಗುವುದಿಲ್ಲ, ಬಾಗಿಲು ಹಿಡಿಯುತ್ತದೆ. ಅಷ್ಟೆ.

ನಮ್ಮ ಬಚ್ಚಲಿನ ಬಾಗಿಲು ಹಲಸಿನ ಮರದ್ದು. ಅಜ್ಜನ ಕಾಲದ್ದು. ಜೂನ್ ಕೊನೆಗೆ ಆಚಾರ್ರು ಬಂದು ಅಂಚಿಗೆ ಒಂದಿಷ್ಟು ಕೀಸುಳಿ ಹಾಕಿ ಹೋಗುತ್ತಿದ್ದರು. ಡಿಸೆಂಬರ್ ಬಂದರೆ ಅದೇ ಅಂಚಿನಲ್ಲಿ ಬೆರಳು ಹೋಗುವಷ್ಟು ಸಂದು. ಮುಂದಿನ ಜೂನ್‌ನಲ್ಲಿ ಮತ್ತೆ ಕೀಸುಳಿ. ಕಾರಣ ಸರಳ. ಮರ ತೇವ ಕುಡಿದರೆ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಆದರೆ ಎಳೆಗೆ ಅಡ್ಡವಾಗಿ ಚೆನ್ನಾಗಿ ಹಿಗ್ಗುತ್ತದೆ. ಬಾಗಿಲಿನ ಹಲಗೆಗಳನ್ನು ಉದ್ದಕ್ಕೆ ಜೋಡಿಸುವುದರಿಂದ ಹಿಗ್ಗಿದ್ದೆಲ್ಲ ಅಗಲಕ್ಕೆ ಸೇರುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಲ್ಲಿ, ಅದೂ ಒಳಗಿನಿಂದ ದಿನಾ ಬಿಸಿನೀರಿನ ಹಬೆ ತಾಗುವ ಜಾಗದಲ್ಲಿ, ಹಲಸಿನ ಮರ ಪಾಪ ಎಂತ ಮಾಡ್ತದೆ?

ಕಳೆದ ವರ್ಷ ಜುಲೈ ಮೂರನೇ ವಾರ ಆ ಬಾಗಿಲು ಅಪ್ಪನನ್ನು ಒಳಗೆ ಇಟ್ಟುಕೊಂಡಿತು.

ಅಪ್ಪನಿಗೆ ಈಗ 68. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಸ್ವಲ್ಪ ಸೋತಿವೆ. ನಡೆಯುತ್ತಾರೆ, ತೋಟಕ್ಕೂ ಹೋಗಿ ಬರುತ್ತಾರೆ, ಆದರೆ ಜಾರಿದರೆ ತಾವಾಗಿ ಏಳುವುದು ಕಷ್ಟ. ಆ ದಿನ ಸ್ನಾನ ಮುಗಿಸಿ ಬಾಗಿಲು ಎಳೆದಿದ್ದಾರೆ, ಬರಲಿಲ್ಲ. ಜೋರಾಗಿ ಎಳೆಯುವಾಗ ಕಾಲು ಜಾರಿ ಬಾಗಿಲಿಗೇ ಒರಗಿ ಕೂತುಬಿಟ್ಟಿದ್ದಾರೆ. ನಮ್ಮ ಬಾಗಿಲು ತೆರೆಯುವುದು ಒಳಕ್ಕೆ. ಹೊರಗಿನಿಂದ ಅಮ್ಮ ತಳ್ಳಿದರೆ ತಾಗುವುದು ಅಪ್ಪನ ಬೆನ್ನಿಗೆ. ಮೇಲಿನಿಂದ ಚಿಲಕ ಬೇರೆ ಹಾಕಿದೆ. ಕರೆಂಟ್ ಇಲ್ಲ, ಮಳೆಯ ಶಬ್ದಕ್ಕೆ ಅಮ್ಮನ ಕೂಗು ಪಕ್ಕದ ಮನೆಗೆ ಮುಟ್ಟಲು ಹತ್ತು ನಿಮಿಷ ಹಿಡಿಯಿತಂತೆ. ಕೊನೆಗೆ ಪಕ್ಕದ ಮನೆಯ ಅಣ್ಣ ಮಾಡಿಗೆ ಹತ್ತಿ, ನಾಲ್ಕು ಹಂಚು ಸರಿಸಿ, ಪಕಾಸಿನ ಎಡೆಯಿಂದ ಒಳಗೆ ಇಳಿದು, ಅಪ್ಪನನ್ನು ಎತ್ತಿ ಆಚೆ ಕೂರಿಸಿ, ಬಾಗಿಲು ಒದ್ದು ಎಳೆದು ತೆಗೆದರು. ಕಾಂಕ್ರೀಟ್ ಸ್ಲ್ಯಾಬ್ ಆಗಿದ್ದರೆ ಎಂತ ಗತಿ ಅಂತ ನಾನು ಈಗಲೂ ಯೋಚಿಸುವುದುಂಟು. ನಾನು ಆ ಹೊತ್ತಿಗೆ ಬೆಂಗಳೂರಿನಲ್ಲಿ ಬೆಳಗಿನ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿದ್ದೆ. ಎಲ್ಲ ಮುಗಿದ ಮೇಲೆ ಅಮ್ಮ ಫೋನ್ ಮಾಡಿ ಮೊದಲು ಹೇಳಿದ್ದು, "ಏನೂ ಆಗ್ಲಿಲ್ಲ, ನೀನು ಹೆದರ್ಬೇಡ" ಅಂತ. ಹಾಗೆ ಹೇಳಿದರೆ ಏನೋ ಆಗಿದೆ ಅಂತಲೇ ಅರ್ಥ.

ಗಾಯ ಆಗಿರಲಿಲ್ಲ. ಆದರೆ ಅದರ ನಂತರದ ಮೂರು ವಾರ ಬಚ್ಚಲಿಗೆ ಬಾಗಿಲು ಬೇಡ ಎಂದು ಅಮ್ಮ ಒಂದು ಹಳೆ ಬೆಡ್‌ಶೀಟ್ ಕಟ್ಟಿದರು. ಅಪ್ಪ ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ಐದಕ್ಕೆ, ಯಾರೂ ಏಳುವ ಮೊದಲು, ಸ್ನಾನಕ್ಕೆ ಹೋಗಲು ಶುರು ಮಾಡಿದರು. ಕತ್ತಲೆಯಲ್ಲಿ, ಒದ್ದೆ ನೆಲದಲ್ಲಿ, ಒಬ್ಬರೇ. ಅಂದರೆ ಮೊದಲಿಗಿಂತ ಅಪಾಯ ಜಾಸ್ತಿಯಾಯಿತು. ವರ್ಕ್ ಫ್ರಂ ಹೋಮ್ ಹಾಕಿಕೊಂಡು ನಾನು ಊರಿಗೆ ಬಂದದ್ದು ಇದು ಗೊತ್ತಾದ ಮೇಲೆ.

ಹೊಸ ಬಾಗಿಲು ಹೊರಕ್ಕೆ ತೆರೆಯಬೇಕು. ಹಿರಿಯರಿರುವ ಮನೆಯ ಬಚ್ಚಲಿಗೆ ಇದು ಮೊದಲ ಮಾತು: ಒಳಗಿನವರು ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲಿಗೆ ಅವರೇ ಅಡ್ಡವಾಗುತ್ತಾರೆ. ಹಾಗಿದ್ದರೆ ಅಜ್ಜ ಯಾಕೆ ಒಳಕ್ಕೆ ತೆರೆಯುವಂತೆ ಇಟ್ಟರು? ಆಚಾರ್ರನ್ನು ಕೇಳಿದೆ. "ಹೊರಗೆ ಬಿಟ್ಟರೆ ಇಡೀ ಮಳೆಗಾಲ ಮಾಡಿನ ನೀರು ಬಾಗಿಲಿಗೇ ಬೀಳ್ತದಲ್ಲ ಮಾರಾಯ್ರೆ. ಮೂರು ವರ್ಷದಲ್ಲಿ ಕುಂಬಾಗ್ತದೆ" ಅಂದರು. ಸರಿಯಾದ ಮಾತು. ನಮ್ಮ ಬಚ್ಚಲು ಮನೆಯ ಹಿಂಬದಿಯಲ್ಲಿ, ಕೆಂಪುಕಲ್ಲಿನ ಗೋಡೆ, ಎದುರಿಗೆ ಮೂರಡಿ ಜಾಗ, ಅದರಾಚೆ ಸೂರಿನ ನೀರು. ತೆರೆದಿಟ್ಟ ಬಾಗಿಲಿನ ಅಂಚು ನೇರ ಆ ನೀರಿನ ಸಾಲಿಗೆ ಬರುತ್ತದೆ. ಬಾಗಿಲು ಒಳಕ್ಕೆ ತೆರೆಯುತ್ತಿದ್ದುದು ಮರವನ್ನು ಉಳಿಸಲಿಕ್ಕೆ. ಹೊರಕ್ಕೆ ತೆರೆಯಬೇಕಾದರೆ ಅದು ಮರದ್ದಾಗಬಾರದು.

ರೆಡಿಮೇಡ್ ಪಿವಿಸಿ ಬಾಗಿಲು ಪುತ್ತೂರಲ್ಲಿ ಬೇಕಾದಷ್ಟು ಸಿಗುತ್ತದೆ. ಎರಡು ತೊಂದರೆ. ನಮ್ಮ ದಾರಂದ ಹಳೆಯದು, ಬಾಗಿಲಿನ ಅಳತೆ 640 ಮಿಲಿಮೀಟರ್ ಅಗಲ, 1750 ಎತ್ತರ. ರೆಡಿಮೇಡ್ ಯಾವುದೂ ಅದಕ್ಕೆ ಕೂರುವುದಿಲ್ಲ. ಇನ್ನೊಂದು, ಕಡಿಮೆ ಬೆಲೆಯ ಬಾಗಿಲುಗಳ ಒಳಗೆ ಪೊಳ್ಳು. ಅಂಚು ಕತ್ತರಿಸಿದರೆ ಬಿಜಾಗ್ರಿಯ ಸ್ಕ್ರೂ ಹಿಡಿಯಲು ಏನೂ ಉಳಿಯುವುದಿಲ್ಲ. ಗಟ್ಟಿ ಶೀಟ್ ತಂದು ನಾವೇ ಮಾಡುವ ಅಂತ ನನಗೆ ಅನ್ನಿಸಿದ್ದು ಒಂದು ಹಾಯಿದೋಣಿಯ ದೆಸೆಯಿಂದ.

ಹಾಯಿದೋಣಿಗೂ ಬೆಳ್ಳಾರೆಗೂ ಎಲ್ಲಿಯ ಸಂಬಂಧ ಅಂತ ಕೇಳಬೇಡಿ. ನಮಗೆ ದೋಣಿ ಅಂದರೆ ಕುಮಾರಧಾರೆ ದಾಟಿಸುವ ಕಡವಿನ ದೋಣಿ. ಅದಕ್ಕೆ ಕೋಣೆಯೂ ಇಲ್ಲ, ಬಾಗಿಲೂ ಇಲ್ಲ. ಆದರೆ 2022ರ ಬೇಸಿಗೆಯಲ್ಲಿ ನನ್ನನ್ನು ಕಂಪನಿ ನೆದರ್ಲ್ಯಾಂಡ್ಸ್‌ಗೆ ಕಳಿಸಿತ್ತು. ಅಲ್ಲಿ ನನ್ನ ಟೀಮಿನವನೊಬ್ಬನ ಹತ್ತಿರ ಲೆಲಿಸ್ಟಾಡ್‌ನಲ್ಲಿ ಕಟ್ಟಿಹಾಕಿದ ಒಂದು ಹಳೆ ಹಾಯಿದೋಣಿ ಇತ್ತು. ಶ್ರೀಮಂತರ ಯಾಟ್ ಅಂತ ಊಹಿಸಬೇಡಿ. ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಇಟ್ಟುಕೊಂಡ ಹಾಗೆ. ಅದರ ಕ್ಯಾಬಿನ್ನಿನ ಪ್ಲೈವುಡ್ ಬಾಗಿಲು ಪದರ ಬಿಟ್ಟು ಕೊಳೆತಿತ್ತು. ಪ್ಲಾಸ್ಟಿಕ್ಕಿನಲ್ಲಿ ಹೊಸದು ಮಾಡುತ್ತೇನೆ, ಬರ್ತೀಯಾ ಅಂದ. ಎರಡು ವೀಕೆಂಡ್ ಹೋದೆ.

ಸಣ್ಣ ಹಾಯಿದೋಣಿಯ ಬಾಗಿಲಿಗೆ ಸಾಮಾನ್ಯವಾಗಿ ಬಿಜಾಗ್ರಿಯೇ ಇರುವುದಿಲ್ಲ. ಎರಡೂ ಬದಿಯಲ್ಲಿ ಗಾಡಿ ಕೊರೆದ ಚೌಕಟ್ಟು, ಅದರೊಳಗೆ ಮೇಲಿನಿಂದ ಒಂದರ ಮೇಲೊಂದು ಇಳಿಸುವ ಎರಡೋ ಮೂರೋ ಹಲಗೆ. ನಮ್ಮ ಪೇಟೆಗಳ ಹಳೆ ಜಿನಸಿ ಅಂಗಡಿಗಳಲ್ಲಿ ರಾತ್ರಿ ಒಂದು, ಎರಡು, ಮೂರು ಅಂತ ನಂಬರ್ ಬರೆದ ಹಲಗೆಗಳನ್ನು ಗಾಡಿಯಲ್ಲಿ ಸರಿಸಿ ಅಂಗಡಿ ಮುಚ್ಚುತ್ತಿದ್ದರಲ್ಲ, ಅದನ್ನು ಅಡ್ಡ ಮಲಗಿಸಿದ ಹಾಗೆ. ಎಷ್ಟೋ ದೋಣಿಗಳಲ್ಲಿ ಆ ಚೌಕಟ್ಟು ಮೇಲೆ ಅಗಲ, ಕೆಳಗೆ ಕಿರಿದು. ಸ್ವಲ್ಪ ಎತ್ತಿದರೆ ಸಾಕು, ಹಲಗೆ ಸಡಿಲಾಗಿ ಕೈಗೆ ಬರುತ್ತದೆ. ಒಂದು ಹಲಗೆ ಇನ್ನೊಂದರ ಮೇಲೆ ಕೂರುವ ಅಂಚನ್ನು ನೇರ ಕತ್ತರಿಸುವುದಿಲ್ಲ, ಹೊರಕ್ಕೆ ಇಳಿಜಾರು ಮಾಡುತ್ತಾರೆ. ನೀರು ಬಂದರೂ ಹೊರಗೇ ಜಾರಿ ಹೋಗಬೇಕು.

ಪ್ಲಾಸ್ಟಿಕ್ ಯಾವುದು ಅನ್ನುವುದರ ಮೇಲೆ ಅವನು ಅರ್ಧ ದಿನ ಮಾತಾಡಿದ. ಅಕ್ರಿಲಿಕ್ ನೋಡಲು ಚಂದ, ಬೆಳಕು ಬಿಡುತ್ತದೆ, ಆದರೆ ಪೆಟ್ಟು ಬಿದ್ದರೆ ಒಡೆಯುತ್ತದೆ. ಪಾಲಿಕಾರ್ಬೊನೇಟ್ ಸುತ್ತಿಗೆಯಲ್ಲಿ ಹೊಡೆದರೂ ಒಡೆಯದು, ಆದರೆ ಬೇಗ ಗೀರು ಬೀಳುತ್ತದೆ. ಎಚ್‌ಡಿಪಿಇ, ಅಂದರೆ ನಮ್ಮ ನೀರಿನ ಪೈಪಿನ ಜಾತಿಯ ಪ್ಲಾಸ್ಟಿಕ್, ನೀರು ಕುಡಿಯುವುದಿಲ್ಲ, ಕೊಳೆಯುವುದಿಲ್ಲ, ನೀರಿಗೆ ಬಿದ್ದರೆ ತೇಲುತ್ತದೆ. ಆದರೆ ಅದಕ್ಕೆ ಯಾವ ಅಂಟೂ ಸರಿಯಾಗಿ ಹಿಡಿಯದು, ಪೇಂಟೂ ನಿಲ್ಲದು, ಬಿಸಿಗೆ ಹಿಗ್ಗುವುದೂ ಜಾಸ್ತಿ. ಒಂದು ಮೀಟರ್ ಶೀಟು ಒಂದು ಡಿಗ್ರಿಗೆ ಸುಮಾರು 0.15 ಮಿಲಿಮೀಟರ್ ಹಿಗ್ಗುತ್ತದೆ ಅಂತ ಇಟ್ಟುಕೊಳ್ಳಿ. ಅವನ ಹಲಗೆ 600 ಮಿಲಿಮೀಟರ್ ಅಗಲ, ಚಳಿಗಾಲದ ಸೊನ್ನೆ ಡಿಗ್ರಿಯಿಂದ ಬಿಸಿಲಿನ 40 ಡಿಗ್ರಿಗೆ 3.6 ಮಿಲಿಮೀಟರ್. ಗಾಡಿಯಲ್ಲಿ ಎರಡೂ ಬದಿಗೆ ಎರಡೆರಡು ಮಿಲಿಮೀಟರ್ ಬಿಟ್ಟ. ಕೆಳಗಿನ ಎರಡು ಹಲಗೆ ಎಚ್‌ಡಿಪಿಇ, ಮೇಲಿನದ್ದು ಬೆಳಕಿಗಾಗಿ ಪಾಲಿಕಾರ್ಬೊನೇಟ್.

ಕೊನೆಗೆ ಪ್ರತಿ ಹಲಗೆಗೂ ಒಂದು ತೂತು ಕೊರೆದು ಹಗ್ಗ ಕಟ್ಟಿದ. ಇದೆಂತಕ್ಕೆ ಅಂತ ಕೇಳಿದೆ. ಆಗ ಅವನು ಹೇಳಿದ್ದು 1979ರ ಫಾಸ್ಟ್‌ನೆಟ್ ರೇಸಿನ ಕಥೆ. ಇಂಗ್ಲೆಂಡಿನ ಕೌಸ್‌ನಿಂದ ಐರ್ಲೆಂಡಿನ ಫಾಸ್ಟ್‌ನೆಟ್ ಬಂಡೆ ಸುತ್ತಿ ಆಗ ಪ್ಲಿಮತ್‌ಗೆ ಬರುತ್ತಿದ್ದ ಓಟ. ಆ ವರ್ಷದ ಆಗಸ್ಟ್‌ನಲ್ಲಿ 303 ದೋಣಿ ಹೊರಟಿದ್ದವು. ನಡುವೆ ಬಿರುಗಾಳಿ ಬಂದು 15 ಮಂದಿ ಸ್ಪರ್ಧಿಗಳು ತೀರಿಕೊಂಡರು. 24 ದೋಣಿಗಳನ್ನು ಅವುಗಳಲ್ಲಿದ್ದವರು ಬಿಟ್ಟು ಹೋಗಬೇಕಾಯಿತು. ಆ ದೋಣಿಗಳಲ್ಲಿ ಹೆಚ್ಚಿನವು ಆಮೇಲೆ ತೇಲುತ್ತಲೇ ಸಿಕ್ಕವು. ನಂತರದ ತನಿಖೆಯಲ್ಲಿ ಎತ್ತಿ ಹೇಳಿದ ವಿಷಯಗಳಲ್ಲಿ ಈ ಬಾಗಿಲಿನ ಹಲಗೆಯೂ ಒಂದು. ದೋಣಿ ಮಗುಚಿದಾಗ ಹಲಗೆ ಗಾಡಿಯಿಂದ ಜಾರಿ ಸಮುದ್ರಕ್ಕೆ ಬೀಳುತ್ತಿತ್ತು, ಆ ತೆರೆದ ಬಾಯಿಯಿಂದ ನೀರು ಒಳಗೆ ನುಗ್ಗುತ್ತಿತ್ತು. ಈಗ ದೂರ ಸಮುದ್ರದ ರೇಸಿಗೆ ನಿಯಮವೇ ಇದೆ: ಹಲಗೆಯನ್ನು ದೋಣಿಗೆ ಕಟ್ಟಿರಬೇಕು, ಮತ್ತು ಅದರ ಚಿಲಕ ಒಳಗಿನಿಂದಲೂ ಹೊರಗಿನಿಂದಲೂ ತೆರೆಯುವಂತಿರಬೇಕು. ದೋಣಿ ತಲೆಕೆಳಗಾಗಿದ್ದರೂ.

ನಮ್ಮ ಮಾಡಿನ ಹಂಚು ಸರಿಸಿದ ಜಾಗ ನೋಡುವಾಗ ನನಗೆ ನೆನಪಾದದ್ದು ಇದೇ ಸಾಲು. ಒಳಗಿನಿಂದಲೂ ಹೊರಗಿನಿಂದಲೂ.

ಶೀಟು ತರುವ ಮೊದಲು ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಬಿಡಿಸಿ ದಾರಂದಕ್ಕೆ ಹಿಡಿದು ನಮೂನೆ ಕತ್ತರಿಸಿದೆ. ಇದು ಡಚ್ಚಿನವನಿಂದ ಕಲಿತದ್ದು. ಟೇಪಿನ ಅಳತೆ ಎಷ್ಟಿದ್ದರೂ ಹಳೆ ದಾರಂದ ಎಂದೂ ಚೌಕ ಇರುವುದಿಲ್ಲ. ನಮ್ಮದು ಮೇಲಿನಿಂದ ಕೆಳಗೆ ಬರುವಾಗ 8 ಮಿಲಿಮೀಟರ್ ಕಿರಿದಾಗುತ್ತಿತ್ತು. ಆಚಾರ್ರು ರಟ್ಟು ನೋಡಿ ನಕ್ಕರು. "ಎಂಜಿನಿಯರು ಅಲ್ವಾ" ಅಂದರು. ಆಮೇಲೆ ಅವರೇ ಎರಡು ಕಡೆ ಪೆನ್ಸಿಲ್ ಗುರುತು ಹಾಕಿ ಸರಿ ಮಾಡಿಸಿದರು.

ಎಚ್‌ಡಿಪಿಇ ದಪ್ಪ ಶೀಟು ನಮ್ಮ ಕಡೆ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕಿದ್ದು 18 ಮಿಲಿಮೀಟರ್ ಪಿವಿಸಿ ಫೋಮ್ ಬೋರ್ಡ್, ಎಂಟಡಿ ನಾಲ್ಕಡಿಯದ್ದು. ನಮಗೆ ಅದೇ ಒಳ್ಳೆಯದಾಯಿತು. ಇದಕ್ಕೆ ಪೈಪಿನ ಸಾಲ್ವೆಂಟ್ ಸಿಮೆಂಟ್ ಹಿಡಿಯುತ್ತದೆ, ಹಿಗ್ಗುವುದೂ ಎಚ್‌ಡಿಪಿಇಯ ಅರ್ಧಕ್ಕಿಂತ ಕಡಿಮೆ. ನಮ್ಮಲ್ಲಿ ಜುಲೈಯ ಬೆಳಗಿನಿಂದ ಏಪ್ರಿಲ್‌ನ ಮಧ್ಯಾಹ್ನಕ್ಕೆ 20 ಡಿಗ್ರಿ ವ್ಯತ್ಯಾಸ ಅಂತ ಹಿಡಿದರೆ ಅಗಲಕ್ಕೆ ಒಂದು ಮಿಲಿಮೀಟರೂ ಇಲ್ಲ, ಎತ್ತರಕ್ಕೆ ಎರಡು. ಮುಖ್ಯ ಏನೆಂದರೆ ಮಳೆಗೆ ಹಿಗ್ಗುವುದಿಲ್ಲ. ಬದಿಗಳಲ್ಲಿ ಮೂರು, ಮೇಲೆ ನಾಲ್ಕು, ಕೆಳಗೆ 12 ಮಿಲಿಮೀಟರ್ ಬಿಟ್ಟೆವು. ಕೆಳಗಿನ ಸಂದು ಹಬೆ ಹೋಗಲಿಕ್ಕೆ, ಮತ್ತೆ ನೆಲದ ಮೇಲೆ ಇರುವವರ ದನಿ ಹೊರಗೆ ಕೇಳಲಿಕ್ಕೆ.

ಬರೀ ಶೀಟು ಸಾಲದು. ಇಷ್ಟು ಉದ್ದದ ಫೋಮ್ ಬೋರ್ಡ್ ಸೆಕೆಗೆ ಬಾಗುತ್ತದೆ. ಉಳಿದ ತುಂಡಿನಿಂದಲೇ ಮೂರು ಪಟ್ಟಿ ಕತ್ತರಿಸಿ ಅಡ್ಡಕ್ಕೆ ಅಂಟಿಸಿದೆವು. ಬಿಜಾಗ್ರಿಯ ಬದಿಗೆ ಮೇಲಿನಿಂದ ಕೆಳಗಿನವರೆಗೆ ಅಲ್ಯೂಮಿನಿಯಂ ಆಂಗಲ್. ಫೋಮ್ ಬೋರ್ಡಿನ ಅಂಚಿಗೆ ಸ್ಕ್ರೂ ಹಾಕಿದರೆ ನಾಲ್ಕು ದಿನಕ್ಕೆ ಕಿತ್ತು ಬರುತ್ತದೆ. ಅದಕ್ಕೆ ಸ್ಟೇನ್‌ಲೆಸ್ ಬಿಜಾಗ್ರಿಗಳನ್ನು ಆಂಗಲ್ ಸಮೇತ ಆರುಪಾರು ಬೋಲ್ಟ್ ಹಾಕಿ, ಹಿಂದೆ ಅಗಲ ವಾಷರ್ ಕೊಟ್ಟೆವು. ಆಂಗಲಿನ ತೂತು ಬೋಲ್ಟಿಗಿಂತ ಒಂದು ನೂಲು ದೊಡ್ಡದು, ಹಿಗ್ಗುವಾಗ ಎಳೆಯಬಾರದಲ್ಲ. ಬಾಗಿಲಿನ ಕೆಳ ಅಂಚಿಗೆ ಹೊರಕ್ಕೆ ಇಳಿಜಾರಾದ ಒಂದು ಪಟ್ಟಿ ಅಂಟಿಸಿದೆವು, ದೋಣಿಯ ಹಲಗೆಯ ಅಂಚಿನ ಹಾಗೆ. ಒಟ್ಟು ತೂಕ ಹನ್ನೊಂದು ಕಿಲೋ ಇದ್ದೀತು. ಹಲಸಿನ ಬಾಗಿಲು ಎತ್ತಲು ಇಬ್ಬರು ಬೇಕಿತ್ತು.

ಬೆಂಕಿಯ ವಿಷಯ ಹೇಳಲೇಬೇಕು. ನಮ್ಮದು ಹಂಡೆಯ ಒಲೆ ಇರುವ ಬಚ್ಚಲು. ಪಿವಿಸಿ 80 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಒಲೆಯ ಬಾಯಿ ಬಾಗಿಲಿನಿಂದ ಐದಡಿ ದೂರ ಇದೆ. ಆದರೂ ಒಂದು ದಿನ ಒಲೆ ಜೋರು ಉರಿಸಿ ಬಾಗಿಲಿನ ಜಾಗದಲ್ಲಿ ಥರ್ಮಾಮೀಟರ್ ನೇತು ಹಾಕಿದೆ, 41 ಬಂತು. ನಿಮ್ಮ ಒಲೆ ಬಾಗಿಲಿನ ಪಕ್ಕವೇ ಇದ್ದರೆ ಈ ಬಾಗಿಲಿನ ಆಸೆ ಬಿಡಿ. ಮತ್ತೆ, ಕತ್ತರಿಸಿ ಉಳಿದ ಚೂರುಗಳನ್ನು ಅಮ್ಮ ಬೆಂಕಿ ಹಿಡಿಸಲಿಕ್ಕೆ ಆಗ್ತದೆ ಅಂತ ಒಲೆಯ ಬದಿ ರಾಶಿ ಹಾಕಿದ್ದರು. ಪಿವಿಸಿ ಸುಟ್ಟರೆ ಬರುವುದು ಹೈಡ್ರೋಜನ್ ಕ್ಲೋರೈಡ್, ಗಂಟಲು, ಶ್ವಾಸಕೋಶ ಎರಡನ್ನೂ ಸುಡುವ ಗಾಳಿ. ಬಚ್ಚಲ ಒಲೆಗೆ ಪ್ಲಾಸ್ಟಿಕ್ ಹಾಕುವ ಅಭ್ಯಾಸ ನಮ್ಮ ಕಡೆ ಎಷ್ಟು ಮನೆಯಲ್ಲಿಲ್ಲ ಹೇಳಿ.

ಇಷ್ಟೆಲ್ಲ ಆದ ಮೇಲೆ ಅಪ್ಪನ ಜೊತೆ ಜಗಳ ಶುರುವಾದದ್ದು ಚಿಲಕಕ್ಕೆ.

ನಾನು ತಂದದ್ದು ಒಳಗೆ ತಿರುಗಿಸುವ ಹಿಡಿ, ಹೊರಗೆ ನಾಣ್ಯ ಹಾಕಿ ತಿರುಗಿಸುವ ಗೀರು ಇರುವ ಬಾತ್‌ರೂಮ್ ಲಾಕ್. ಒಳಗಿನಿಂದ ಹಾಕಿದರೆ ಹೊರಗೆ ಕೆಂಪು ಕಾಣುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ವಸ್ತು. ಅಪ್ಪ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಹೊರಗಿನಿಂದ ತೆಗೀಲಿಕ್ಕೆ ಆಗುವುದಾದ್ರೆ ಮತ್ತೆ ಚಿಲಕ ಎಂತಕ್ಕೆ?"

"ಎಂತಾದ್ರೂ ಆದ್ರೆ ಅಂತ ಅಪ್ಪ."

"ಎಂತಾಗ್ತದೆ? ಒಂದು ಸಲ ಆಯ್ತು ಅಂತ ದಿನಾ ಆಗ್ತದಾ? ನಾನೇನು ಮಗುವಾ?"

ಅಮ್ಮ ಮಧ್ಯೆ ಬಾಯಿ ಹಾಕಿದ್ದಕ್ಕೆ ಇನ್ನೂ ಬಿಸಿಯಾಯಿತು. ಪ್ಲಾಸ್ಟಿಕ್ಕಿನ ಬಾಗಿಲು, ಬಕೆಟಿನ ಹಾಗೆ ಉಂಟು ಅಂತಲೂ ಆಯಿತು. ಆ ರಾತ್ರಿ ಊಟದ ಹೊತ್ತಿಗೆ ಯಾರೂ ಮಾತಾಡಲಿಲ್ಲ.

ನನಗೆ ಅವರ ಮಾತು ತಪ್ಪು ಅನ್ನಿಸಲಿಲ್ಲ. ಸ್ಟ್ರೋಕ್ ಆದ ಮೇಲೆ ಅಪ್ಪನ ಎಲ್ಲದಕ್ಕೂ ಯಾರಾದರೂ ಒಬ್ಬರು ಕೈ ಹಾಕುತ್ತಾರೆ. ಮಾತ್ರೆಗೆ ಅಮ್ಮ, ಬ್ಯಾಂಕಿಗೆ ನಾನು, ಅಡಿಕೆ ಲೆಕ್ಕಕ್ಕೆ ಭಾವ. ಒಬ್ಬರೇ ಇರಬಹುದಾದ ಜಾಗ ಅಂತ ಉಳಿದದ್ದು ಅದೊಂದೇ. ಅದರ ಕೀಲಿಯನ್ನೂ ಹೊರಗೆ ಕೊಡಿ ಅಂದರೆ? ಬೆಡ್‌ಶೀಟಿನ ಮೂರು ವಾರ ನಾನು ಕಣ್ಣಾರೆ ನೋಡಿರಲಿಲ್ಲ, ಅಪ್ಪ ನೋಡಿದ್ದರು.

ಮರುದಿನ ದೋಣಿಯ ಫೋಟೋಗಳನ್ನು ಮೊಬೈಲಿನಲ್ಲಿ ತೋರಿಸಿ ಫಾಸ್ಟ್‌ನೆಟ್ ಕಥೆ ಹೇಳಿದೆ. ಸಮುದ್ರಕ್ಕೆ ಹೋಗುವ ಗಟ್ಟಿ ಆಳುಗಳಿಗೂ ಹೊರಗಿನಿಂದ ತೆರೆಯುವ ಬಾಗಿಲೇ ಕಡ್ಡಾಯ ಅಂದೆ. ಪೂರ್ತಿ ಕೇಳಿದರು. ಹಲಗೆಗೆ ಹಗ್ಗ ಯಾಕೆ ಕಟ್ಟುತ್ತಾರೆ ಅಂತ ಎರಡು ಸಲ ಕೇಳಿದರು. ಆಮೇಲೆ ತಮ್ಮ ಷರತ್ತು ಹೇಳಿದರು: ಮೂರು ಸಲ ಹೆಸರು ಹಿಡಿದು ಕರೆಯಬೇಕು. ನಾನು ಹೂಂ ಅಂದರೆ ಯಾರೂ ಬಾಗಿಲು ಮುಟ್ಟಬಾರದು. ಮೂರು ಸಲಕ್ಕೂ ಉತ್ತರ ಇಲ್ಲದಿದ್ದರೆ ಮಾತ್ರ ನಾಣ್ಯ. ಅಮ್ಮ ತಕ್ಷಣ ಕೇಳಿದ್ದು, "ನಾನು ನಿಮ್ಮ ಹೆಸರು ಹಿಡಿದು ಕರೆಯುವುದು ಹೇಗೆ?" ಅಂತ. ಮದುವೆಯಾಗಿ 37 ವರ್ಷದಲ್ಲಿ ಕರೆದಿಲ್ಲವಂತೆ. "ಇವ್ರೇ ಅಂತ ಕರಿ" ಅನ್ನುವಲ್ಲಿಗೆ ಅದು ಇತ್ಯರ್ಥವಾಯಿತು.

ಆಚಾರ್ರು ಒಂದು ಐದು ರೂಪಾಯಿ ನಾಣ್ಯಕ್ಕೆ ತೂತು ಕೊರೆಯಲು ಹೊರಟಾಗ ನಾನೇ ತಡೆದೆ, ನಾಣ್ಯ ಹಾಳು ಮಾಡುವುದು ಕಾನೂನಿಗೆ ವಿರುದ್ಧ. ಅದೇ ದಪ್ಪದ ಒಂದು ಸ್ಟೀಲ್ ವಾಷರ್ ಸಿಕ್ಕಿತು. ಅದಕ್ಕೆ ಹುರಿ ಕಟ್ಟಿ ದಾರಂದದ ಮೇಲೆ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ಮೊಳೆಗೆ ನೇತು ಹಾಕಿದ್ದೇವೆ. ಹಿಡಿದುಕೊಂಡು ಏಳಲು ಒಂದು ಸ್ಟೀಲ್ ಕಂಬಿಯನ್ನು ಒಳಗೆ ಗೋಡೆಗೆ ಬಿಗಿದಿದ್ದೇವೆ, ಬಾಗಿಲಿಗಲ್ಲ. ಬಾಗಿಲು ಚಲಿಸುವ ವಸ್ತು, ಅದನ್ನು ನಂಬಿ ತೂಕ ಹಾಕಬಾರದು. ಎಲ್ಲ ಸೇರಿ ನನಗೆ ಬಿದ್ದ ಖರ್ಚು 6,400 ರೂಪಾಯಿ, ಆಚಾರ್ರ ಎರಡು ದಿನದ ಮಜೂರಿ ಬೇರೆ.

ಈ ವರ್ಷದ ಮಳೆ ಅದು ತಡೆದುಕೊಂಡಿದೆ. ತೆರೆದಿಟ್ಟಾಗ ಸೂರಿನ ನೀರು ಅದರ ಮೇಲೆ ಸುರಿಯುತ್ತದೆ, ಒರೆಸುವುದೂ ಇಲ್ಲ. ಹೊರಮುಖ ಸ್ವಲ್ಪ ಹಳದಿಯಾಗುತ್ತಿದೆ, ಅದು ಬಿಸಿಲಿನ ಕೆಲಸ. ಮುಂದಿನ ಬೇಸಿಗೆಗೆ ಪೇಂಟ್ ಹೊಡೆಯಬೇಕು. ಅಪ್ಪ ಸ್ನಾನಕ್ಕೆ ಹೋಗುವುದು ಈಗ ಏಳೂವರೆಗೆ, ಬೆಳಕಾದ ಮೇಲೆ.

ಸ್ಟೀಲ್ ವಾಷರಿನ ಉಪಯೋಗ ಇದುವರೆಗೆ ಆದದ್ದು ಒಂದೇ ಸಲ. ಮೇ ರಜೆಗೆ ಬಂದ ಅಕ್ಕನ ನಾಲ್ಕು ವರ್ಷದ ಮಗಳು ಒಳಗೆ ಹೋಗಿ ಹಿಡಿ ತಿರುಗಿಸಿಕೊಂಡಳು, ತೆಗೆಯಲು ಗೊತ್ತಾಗದೆ ಅಳಲು ಶುರು ಮಾಡಿದಳು. ಓಡಿ ಬಂದದ್ದು ಅಪ್ಪ. ಮೂರು ಸಲ ಹೆಸರು ಹಿಡಿದು ಕರೆದರು, ಪ್ರತಿ ಸಲವೂ ಅವಳು ಒಳಗಿನಿಂದ "ಅಜ್ಜಾ" ಅಂತ ಕಿರುಚುತ್ತಿದ್ದರೂ. ಆಮೇಲೆ ಮೊಳೆಯಿಂದ ವಾಷರ್ ತೆಗೆದು, ಬಲಗೈಯಲ್ಲಿ ತಿರುಗಿಸಿ, ಬಾಗಿಲು ಎಳೆದರು.